ಕಾರ್ಬ್ಯುರೇಟರ್ ಕಾರು, ಹೈಬ್ರಿಡ್ ಕಾರು: ಸ್ವಂತ ರಿಪೇರಿಯ ಟಿಪ್ಪಣಿ

ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರು ಒಂದು, ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದಲೂ ಓಡುವ, ವಾರಂಟಿ ಮುಗಿದು ಬಹುಕಾಲವಾದ ಹೈಬ್ರಿಡ್ ಕಾರು ಒಂದು. ಎರಡನ್ನೂ ಸಾಧ್ಯವಾದಷ್ಟು ನಾನೇ ರಿಪೇರಿ ಮಾಡಿಕೊಳ್ಳಬೇಕೆಂದು ಹಿಡಿದ ಕೆಲಸದಲ್ಲಿ ಈಗ ಹಳೆಯದರ ಇಗ್ನಿಷನ್ ಮತ್ತು ಕಾರ್ಬ್ಯುರೇಟರ್ ಮುಗಿದಿವೆ. ಹೈಬ್ರಿಡ್‌ನ ಎಂಜಿನ್ ದೂರು ಬಗೆಹರಿದಿದೆ, ಅದರ ಬ್ಯಾಟರಿಯ ಪರೀಕ್ಷೆ ಅರ್ಧಕ್ಕೆ ಬಂದಿದೆ. ಹಳೆಯದು ಸುಲಭ, ಹೊಸದಕ್ಕೆ ಕೈ ಹಾಕಲೇಬಾರದು ಎಂಬ ಮಾತನ್ನು ಆರಂಭದಲ್ಲಿ ಹಲವರಿಂದ ಕೇಳಿದ್ದೆ. ಬಿಚ್ಚಿ ಜೋಡಿಸುವ ಶ್ರಮದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ನನಗೆ ಕಂಡಿಲ್ಲ. ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆಯೇ ಪೂರ್ತಿ ಬೇರೆ.

ಹಳೆಯ ಕಾರು: ಮುಗಿದ ಕೆಲಸ

ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು, ಸರಿಯಾಗಿದ್ದರೂ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಂದು ಕ್ಷಣ ಮುಗ್ಗರಿಸಿ, ಆಮೇಲಷ್ಟೇ ವೇಗ ಹಿಡಿಯುತ್ತಿತ್ತು. ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ, ಆ ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟಿನ ಒಂದು ಮುಖದಲ್ಲಿ ಗುಳಿಯೂ ಎದುರಿನ ಮುಖದಲ್ಲಿ ಚಿಕ್ಕ ಗುಬ್ಬಿಯೂ ಎದ್ದಿದ್ದವು. ಲೋಹ ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿದ್ದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಮೇಲೂ ಅನುಮಾನ ಪಡಬೇಕಾಗುತ್ತದೆಯಾದ್ದರಿಂದ ಎರಡನ್ನೂ ಬದಲಾಯಿಸಿದೆ. ಫೀಲರ್ ಗೇಜಿನಿಂದ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿ, ಆ ಬಳಿಕವೇ ಕಿಡಿಯ ಸಮಯ ನೋಡುವ ಟೈಮಿಂಗ್ ಲೈಟ್ ಹಿಡಿದೆ. ಪಾಯಿಂಟಿನ ಅಂತರ ಬದಲಾದರೆ ಕಿಡಿಯ ಸಮಯವೂ ಬದಲಾಗುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ.

ಮುಗ್ಗರಿಸುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಗ ಏರ್ ಫಿಲ್ಟರ್ ಕಳಚಿ, ಎಂಜಿನ್ ನಿಂತಿರುವಂತೆಯೇ ಥ್ರಾಟಲ್ ಲಿವರನ್ನು ಕೈಯಿಂದ ತಿರುಗಿಸುತ್ತ ಕಾರ್ಬ್ಯುರೇಟರಿನ ಗಂಟಲೊಳಗೆ ಇಣುಕಿ ನೋಡಿದೆ. ಆಕ್ಸಿಲರೇಟರ್ ಪಂಪ್ ಸರಿಯಿದ್ದರೆ ಲಿವರ್ ಅಲುಗಿದ ಕ್ಷಣವೇ ಪೆಟ್ರೋಲಿನ ಸಪೂರ ಧಾರೆಯೊಂದು ಚಿಮ್ಮಬೇಕು. ಇಲ್ಲಿ ನಳಿಕೆಯ ತುದಿಯಲ್ಲಿ ಒಂದು ಹನಿ ಕಟ್ಟಿಕೊಂಡು ತೂಗಾಡಿತು, ಅಷ್ಟೇ. ಪಂಪಿನ ಡಯಾಫ್ರಮ್ ಗಡಸಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಹೊಸದನ್ನು ಕೂರಿಸಿ, ಕಾರ್ಬ್ಯುರೇಟರಿನೊಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಮಟ್ಟವನ್ನೂ ಸರಿಪಡಿಸಿದ ಮೇಲೆ ದೂರು ತೀರಿತು. ಈ ಇಡೀ ಶೋಧದಲ್ಲಿ ಬಳಸಿದ್ದು ಕಣ್ಣು, ಕಿವಿ ಮತ್ತು ಮೂರ್ನಾಲ್ಕು ಸರಳ ಸಾಧನಗಳು ಮಾತ್ರ.

ಹೈಬ್ರಿಡ್: ಎಂಜಿನ್‌ನ ದೂರು

ಹೈಬ್ರಿಡ್‌ನಲ್ಲಿ ದೂರು ಕಾಣಿಸಿದ್ದು ಡ್ಯಾಶ್‌ಬೋರ್ಡಿನ ದೀಪದಲ್ಲಿ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಗಿ, ಬಳಿಕ ಇತರೆಡೆಗಳಿಗೂ ಹರಡಿದ ಒಬಿಡಿ-2 ಎಂಬ, ಕಾರು ತನ್ನ ದೋಷವನ್ನು ತಾನೇ ಗುರುತಿಸುವ ವ್ಯವಸ್ಥೆಯ 16 ಪಿನ್‌ಗಳ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದಾಗ ಬಂದ ಕೋಡ್ ಪಿ0171, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ. ಈ ಕೋಡ್ ಕಂಡ ಕೂಡಲೇ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸುವವರು ಬಹಳ ಮಂದಿ. ವಾಸ್ತವದಲ್ಲಿ ಸೆನ್ಸರ್ ಇಲ್ಲಿ ಸುದ್ದಿ ತಂದವನು ಮಾತ್ರ. ಕೋಡ್ ಲಕ್ಷಣವನ್ನು ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ.

ಹೊಸ ಕಾರಿನ ಮುಖ್ಯ ತೊಡಕು ನನಗೆ ಅರ್ಥವಾದದ್ದು ಇಲ್ಲಿಯೇ. ಮಿಶ್ರಣಕ್ಕೆ ಹೆಚ್ಚುವರಿ ಗಾಳಿ ನುಗ್ಗಿಸುವ ಸೋರಿಕೆ ಹಳೆಯ ಕಾರಿನಲ್ಲಿದ್ದರೆ ಐಡ್ಲಿಂಗ್ ಏರುಪೇರಾಗಿ ಕಾರು ತಾನೇ ಗೋಗರೆಯುತ್ತಿತ್ತು. ಹೊಸ ಕಾರಿನ ಕಂಪ್ಯೂಟರ್ ಮಾತ್ರ, ಸಾಲವಿದ್ದರೂ ಹೊರಗೆ ತೋರಗೊಡದ ಯಜಮಾನನ ಹಾಗೆ, ಒಳಗೊಳಗೇ ಇಂಧನ ಹೆಚ್ಚಿಸುತ್ತ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಎಂಬ ಲೆಕ್ಕವನ್ನು ಕಾಯ್ದುಕೊಳ್ಳುತ್ತದೆ. ತಿದ್ದುಪಡಿಯ ಮಿತಿ ಮುಟ್ಟಿದಾಗಷ್ಟೇ ದೀಪ ಹಚ್ಚುತ್ತದೆ. ಓಡಿಸುವವರಿಗೆ ಅಲ್ಲಿಯವರೆಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಹುಡುಕಬೇಕಾದದ್ದು ಆ ತಿದ್ದುಪಡಿಯ ಅಂಕಿಯನ್ನೇ, ಅಂದರೆ ಫ್ಯೂಯಲ್ ಟ್ರಿಮ್ ಅನ್ನು.

ಹೈಬ್ರಿಡ್ ನಿಂತಲ್ಲಿ ತನ್ನಿಷ್ಟಕ್ಕೆ ಎಂಜಿನ್ ಆಫ್ ಮಾಡಿಕೊಳ್ಳುವುದರಿಂದ, ತಯಾರಕರು ತಪಾಸಣೆಗೆಂದೇ ಇಟ್ಟಿರುವ ಮೇಂಟೆನೆನ್ಸ್ ಮೋಡ್‌ಗೆ ಹಾಕಿದ ಮೇಲೆಯೇ ಎಂಜಿನ್ ಸತತವಾಗಿ ಓಡಿತು. ಐಡ್ಲಿಂಗ್‌ನಲ್ಲಿ ತಿದ್ದುಪಡಿ ಶೇಕಡ 20ಕ್ಕಿಂತ ಹೆಚ್ಚಿತ್ತು. 2500 ಆರ್‌ಪಿಎಂಗೆ ಏರಿಸಿದಾಗ ಶೇಕಡ 5ರ ಆಸುಪಾಸಿಗೆ ಇಳಿಯಿತು. ಸಣ್ಣ ಸೋರಿಕೆಯಿಂದ ನುಗ್ಗುವ ಗಾಳಿ ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲಾಗುತ್ತದೆ, ವೇಗ ಹೆಚ್ಚಿದಂತೆ ಅದರ ಪಾಲು ನಗಣ್ಯವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಭಾರ ಬಿದ್ದಂತೆ ತಿದ್ದುಪಡಿ ಏರುತ್ತಿದ್ದರೆ ಫ್ಯೂಯಲ್ ಪಂಪನ್ನೋ ಗಾಳಿ ಅಳೆಯುವ ಸೆನ್ಸರಿನ ಕೊಳೆಯನ್ನೋ ನೋಡಬೇಕಾಗಿತ್ತು. ಇಂಟೇಕ್ ಮ್ಯಾನಿಫೋಲ್ಡಿನ ಹಿಂಬದಿಗೆ ಕೈ ಹಾಕಿ ತಡವಿದಾಗ ಹೆಬ್ಬೆರಳಿನ ದಪ್ಪದ ರಬ್ಬರ್ ಹೋಸ್ ಬಾಗಿದ ಜಾಗದಲ್ಲಿ ಸೀಳಿರುವುದು ಸಿಕ್ಕಿತು. ಕ್ಲಿಪ್ ಸಡಿಲಿಸಿ ಹೊಸ ಹೋಸ್ ಹಾಕುವ ಕೆಲಸ ಹಳೆಯ ಕಾರಿನಲ್ಲಿ ಮಾಡಿದ್ದಕ್ಕಿಂತ ಕಿಂಚಿತ್ತೂ ಬೇರೆಯಾಗಿರಲಿಲ್ಲ.

ಹೈಬ್ರಿಡ್: ಬ್ಯಾಟರಿ

ಇಲ್ಲಿ ಮಾತ್ರ ಧೈರ್ಯಕ್ಕಿಂತ ಶಿಸ್ತು ದೊಡ್ಡದು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿರುವುದು 200 ವೋಲ್ಟಿಗೂ ಹೆಚ್ಚಿನ ಡಿಸಿ. ಮುಟ್ಟಿದರೆ ಜೀವಕ್ಕೇ ಅಪಾಯ. ಕಾರನ್ನು ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ದೂರವಿಟ್ಟು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, 1000 ವೋಲ್ಟಿಗೆ ತಕ್ಕ ಕ್ಲಾಸ್ 0 ಕೈಗವಸು ತೊಟ್ಟು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು ಜೇಬಿನಲ್ಲಿಟ್ಟುಕೊಂಡೆ. ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿಯಾಗಿಸುವ ಇನ್ವರ್ಟರಿನಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿಯಾಗಲು ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ಸೊನ್ನೆಯನ್ನು ಕಂಡ ನಂತರವೇ ಕೆಲಸ ಮುಂದುವರಿಸಿದೆ. ಗವಸು ತೊಡುವ ಮೊದಲು ಅದರೊಳಗೆ ಗಾಳಿ ತುಂಬಿ, ಸುರುಳಿ ಸುತ್ತಿ ಒತ್ತಿ, ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಇಷ್ಟಕ್ಕೆಲ್ಲ ತಾಳ್ಮೆ ಇಲ್ಲದವರು ಈ ಭಾಗವನ್ನು ಮುಟ್ಟದಿರುವುದೇ ಲೇಸು.

ಬಿಚ್ಚಿದ್ದು ಬ್ಯಾಟರಿಯನ್ನಲ್ಲ, ಅದನ್ನು ತಂಪಾಗಿಡುವ ಫ್ಯಾನನ್ನು. ಅದು ಹಿಂದಿನ ಸೀಟಿನ ಪಕ್ಕದ ಜಾಲರಿಯ ಮೂಲಕ ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ರೆಕ್ಕೆಗಳ ಸಂದಿನಲ್ಲಿ ಧೂಳು, ನೂಲು, ಕೂದಲು ಸೇರಿ ದಪ್ಪ ಪದರವಾಗಿ ಅಂಟಿಕೊಂಡಿದ್ದವು. ಮೃದುವಾದ ಬ್ರಷ್ಷಿನಿಂದ ಬಿಡಿಸಿ ಫ್ಯಾನನ್ನು ಮತ್ತೆ ಕೂರಿಸಿದೆ. ಬ್ಯಾಟರಿಗೆ ಸೆಕೆ ಶತ್ರುವಾಗಿರುವುದರಿಂದ ಈ ಅಗ್ಗದ ಕೆಲಸ ವರ್ಷಕ್ಕೊಮ್ಮೆ ಮಾಡಲು ಯೋಗ್ಯ.

ಬ್ಯಾಟರಿಯ ಬ್ಲಾಕ್‌ಗಳ, ಅಂದರೆ ಕೋಶಗಳ ಗುಂಪುಗಳ, ವೋಲ್ಟೇಜನ್ನು ಸ್ಕ್ಯಾನರಿನಲ್ಲಿ ನೋಡುವುದು ಅರ್ಧ ಆಗಿದೆ. ನಿಕಲ್-ಮೆಟಲ್ ಹೈಡ್ರೈಡ್ ಕೋಶವೊಂದರ ವೋಲ್ಟೇಜ್ 1.2 ಆದ್ದರಿಂದ, ಕಾರಿಗೆ ಭಾರ ಕೊಟ್ಟಾಗ ಉಳಿದೆಲ್ಲ ಬ್ಲಾಕ್‌ಗಳಿಗಿಂತ ಒಂದೇ ಬ್ಲಾಕ್ ಸರಿಸುಮಾರು ಅಷ್ಟು ಹಿಂದೆ ಬಿದ್ದರೆ ಅದರೊಳಗೆ ಒಂದು ಕೋಶ ಸತ್ತಿದೆ ಎಂದು ಅನುಮಾನಿಸಬೇಕು. ನಿಂತ ಕಾರಿನಲ್ಲಿ ಎಲ್ಲವೂ ಒಂದೇ ಸಮನಾಗಿ ಕಾಣುತ್ತಿವೆ, ಆದರೆ ಭಾರವಿಲ್ಲದ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಬಾಕಿ

ಹೈಬ್ರಿಡ್‌ನ ಬ್ರೇಕ್ ಆಯಿಲ್ ಬದಲಾಯಿಸಿ ಗಾಳಿ ತೆಗೆಯಲು ಬ್ರೇಕಿನ ಎಲೆಕ್ಟ್ರಿಕ್ ಪಂಪನ್ನು ಸ್ಕ್ಯಾನರಿನ ಆಜ್ಞೆಯಿಂದಲೇ ಓಡಿಸಬೇಕು. ನನ್ನಲ್ಲಿರುವ ಸ್ಕ್ಯಾನರ್ ಓದುತ್ತದೆ, ಆಜ್ಞೆ ಕೊಡಲಾರದು. ಆ ಕೆಲಸ ವರ್ಕ್‌ಶಾಪಿಗೆ ಬಿಟ್ಟದ್ದು. ಹಳೆಯ ಕಾರಿನಲ್ಲಿ ವಾಟರ್ ಪಂಪಿನ ಬೇರಿಂಗ್ ಸದ್ದು ಮಾಡಲು ಶುರುವಾಗಿದೆ, ಮುಂದಿನ ಸರದಿ ಅದರದು. ಅದಕ್ಕೂ ಮೊದಲು ಹೈಬ್ರಿಡ್ ಅನ್ನು ಸ್ಕ್ಯಾನರ್ ಸಮೇತ ಉದ್ದನೆಯ ಏರೊಂದಕ್ಕೆ ಹತ್ತಿಸಿ, ಪಕ್ಕದಲ್ಲಿ ಕುಳಿತವರಿಂದ ಬ್ಲಾಕ್‌ಗಳ ಅಂಕಿಗಳನ್ನು ದಾಖಲಿಸಿಕೊಳ್ಳಬೇಕು.