ನೆರಳಿಗೊಂದು 57.3 ಸೆಂ.ಮೀ. ಕೋಲು

ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲದಂತಾಗುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ: ಏಪ್ರಿಲ್ 24-25ರ ಹೊತ್ತಿಗೊಮ್ಮೆ, ಆಗಸ್ಟ್ 18ರ ಹೊತ್ತಿಗೊಮ್ಮೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ, ಎರಡನೆಯದಕ್ಕೆ ಮೋಡ ಅಡ್ಡ. ಆ ಒಂದೇ ದಿನವನ್ನು ನೆಚ್ಚಿಕೊಂಡರೆ ಮಕ್ಕಳು ಅಂಗಳಕ್ಕೆ ಬಂದು, ಆಕಾಶ ನೋಡಿ, ತರಗತಿಗೆ ವಾಪಸಾಗುವುದೇ ಸರಿ. ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಕೋಲು ನೆಟ್ಟು, ಬಿಸಿಲು ಸಿಕ್ಕ ದಿನವೆಲ್ಲ ಅಳೆಯಬೇಕು.

ಕೋಲಿನ ಎತ್ತರ 57.3 ಸೆಂ.ಮೀ. ಇರಲಿ. ಒಂದು ರೇಡಿಯನ್ (ವೃತ್ತದ ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನ) ಅಂದರೆ 57.3 ಡಿಗ್ರಿ. ಹಾಗಾಗಿ ಈ ಎತ್ತರದಲ್ಲಿ ನೆರಳಿನ ಒಂದು ಸೆಂಟಿಮೀಟರ್ ಅಂದರೆ ಸೂರ್ಯ ನೆತ್ತಿಯಿಂದ ಒಂದು ಡಿಗ್ರಿ ಸರಿದಿದ್ದಾನೆ ಎಂದೇ ಲೆಕ್ಕ. ಹತ್ತು ಡಿಗ್ರಿಯವರೆಗೂ ತಪ್ಪು ಒಂದೆರಡು ಮಿ.ಮೀ. ಮೀರುವುದಿಲ್ಲ. ತ್ರಿಕೋನಮಿತಿಯ ಟ್ಯಾನ್ ಕಲಿಯದ ಏಳನೇ ತರಗತಿಯ ಮಕ್ಕಳಿಗೂ ಬರೀ ಸ್ಕೇಲಿನಲ್ಲಿ ಕೆಲಸ ಆಗುತ್ತದೆ.

ಕೋಲಿನ ತುದಿಯ ನೆರಳನ್ನು ಗುರುತು ಮಾಡಲು ಹೋದರೆ ಕೆಡುತ್ತದೆ. ಸೂರ್ಯನ ತಟ್ಟೆ ಅರ್ಧ ಡಿಗ್ರಿ ಅಗಲ ಇರುವುದರಿಂದ ನೆರಳಿನ ಅಂಚು ಐದು ಮಿ.ಮೀ.ಯಷ್ಟು ಮಸುಕಾಗಿರುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆಯುತ್ತಾರೆ. ಬದಲಿಗೆ ತುದಿಗೆ ಅಂಗೈ ಅಗಲದ ಕಪ್ಪು ರಟ್ಟು ಅಡ್ಡಡ್ಡ ಅಂಟಿಸಿ, ಕೋಲಿನಿಂದಾಚೆ ಚಾಚಿದ ಭಾಗದಲ್ಲಿ 3 ಮಿ.ಮೀ. ತೂತು ಮಾಡಿ. ರಟ್ಟಿನ ನೆರಳಿನ ನಡುವೆ ಎಂಟು ಮಿ.ಮೀ. ಅಗಲದ ದುಂಡನೆಯ ಬೆಳಕಿನ ಬಿಲ್ಲೆ ಬೀಳುತ್ತದೆ. ಅದರ ನಡುವನ್ನು ಹುಡುಕುವುದು ಸುಲಭ. ತೂತಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಲು ಮಾತ್ರ ಯಾರನ್ನೂ ಬಿಡಬಾರದು.

ಗಾರೆಯವರ ತೂಗುಗುಂಡನ್ನು ಆ ತೂತಿನಿಂದಲೇ ಇಳಿಬಿಟ್ಟು, ನೆಲದಲ್ಲಿ ಅದು ತೋರಿಸುವ ಚುಕ್ಕಿಯನ್ನು ಬುಡ ಎಂದಿಟ್ಟುಕೊಳ್ಳಿ. ಆಗ ಕೋಲು ತುಸು ವಾಲಿದ್ದರೂ ಚಿಂತೆಯಿಲ್ಲ. ಎತ್ತರವನ್ನೂ ತೂತಿನಿಂದ ಈ ಚುಕ್ಕಿಗೇ ಅಳೆಯಬೇಕು. ನೆಲ ವಾಲಿದ್ದರೆ ಮಾತ್ರ ಕಷ್ಟ. ಮಳೆನೀರು ಹರಿಯಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದು ಇಳಿಜಾರಿದ್ದರೂ ಅರ್ಧ ಡಿಗ್ರಿಗಿಂತ ಹೆಚ್ಚು ವಾಲಿದಂತೆ. ಹಲಗೆ ಹಾಸಿ, ರಸಮಟ್ಟ (ಗಾಳಿಗುಳ್ಳೆ ನೋಡಿ ಮಟ್ಟ ತಿಳಿಯುವ ಸಾಧನ) ಇಟ್ಟು, ಎರಡೂ ದಿಕ್ಕಿಗೆ ಸಮ ಮಾಡಿಕೊಂಡೇ ಕೋಲು ನಿಲ್ಲಿಸಿ.

ಗಡಿಯಾರದ 12 ಗಂಟೆಗೆ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ. ಆಗಸ್ಟ್ 18ರಂದು ಇಲ್ಲಿನ ನಡುಹಗಲು ಸುಮಾರು 12:24ಕ್ಕೆ, ಮಂಗಳೂರಿನಲ್ಲಿ ಇನ್ನೂ 11 ನಿಮಿಷ ತಡ. ಬಿಲ್ಲೆ ನಿಮಿಷಕ್ಕೆ ಎರಡೂವರೆ ಮಿ.ಮೀ. ಪೂರ್ವಕ್ಕೆ ಓಡುತ್ತದೆ, ಹಾಗಾಗಿ ನಡುಹಗಲಿನ ಆ ಕ್ಷಣವನ್ನೇ ಹಿಡಿಯಲು ಹೊರಟರೆ ಸೋಲುತ್ತೀರಿ. 12:10ರಿಂದ 12:40ರವರೆಗೆ ಎರಡೆರಡು ನಿಮಿಷಕ್ಕೆ ಚುಕ್ಕಿ ಇಡಿ. ಚುಕ್ಕಿಗಳ ನಡುವೆ ಗೆರೆ ಎಳೆದು, ಬುಡದಿಂದ ಆ ಗೆರೆಗೆ ಲಂಬವಾಗಿ ಅಳೆದರೆ ಅದೇ ನಡುಹಗಲಿನ ನೆರಳು. ನಡುವೆ ಮೋಡ ಮುಚ್ಚಿ ನಾಲ್ಕು ಚುಕ್ಕಿ ತಪ್ಪಿದರೂ ಗೆರೆ ಕೆಡುವುದಿಲ್ಲ.

ಜೂನ್ 21ಕ್ಕೆ ಬೆಂಗಳೂರಿನಲ್ಲಿ ಈ ನೆರಳು 10.6 ಸೆಂ.ಮೀ., ಅದೂ ದಕ್ಷಿಣಕ್ಕೆ. ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೇ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಇದನ್ನು ವಿವರಿಸಲು ಹೋಗಬೇಡಿ. ಸೂರ್ಯ ಈಗ ಎಲ್ಲಿದ್ದಾನೆಂದು ಅವರೇ ಜಗಳವಾಡಿ ಕಂಡುಕೊಳ್ಳಲಿ. ಆಗಸ್ಟ್‌ನಲ್ಲಿ ನೆರಳು ದಿನಕ್ಕೆ ಸುಮಾರು 3 ಮಿ.ಮೀ. ಕುಗ್ಗುತ್ತ ಬರುತ್ತದೆ. ದಕ್ಷಿಣದ್ದನ್ನು ಪ್ಲಸ್, ಉತ್ತರದ್ದನ್ನು ಮೈನಸ್ ಎಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಗೆರೆ ಸೊನ್ನೆಯನ್ನು ದಾಟುವ ತಾರೀಖೇ ಶೂನ್ಯ ನೆರಳಿನ ದಿನ, ಅಂದು ಬಿಸಿಲು ಬಂದಿರಲಿ ಬಿಡಲಿ. ಗೆರೆಯಿಂದ ದೂರ ಬಿದ್ದ ಅಳತೆಯನ್ನು ಅಳಿಸಲು ಬಿಡಬೇಡಿ. ಹಲಗೆ ಕದಲಿತ್ತೋ, ಯಾರು ಅಳೆದರು ಎಂಬುದನ್ನು ಪಕ್ಕದಲ್ಲೇ ಬರೆಸಿ.

ಚಾಮರಾಜನಗರ ಮತ್ತು ಬಳ್ಳಾರಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಉತ್ತರ-ದಕ್ಷಿಣವಾಗಿ ನಡುವಿನ ದೂರ ಸುಮಾರು 360 ಕಿ.ಮೀ. (ನಕ್ಷೆಯಲ್ಲಿ ನೇರ ಅಳೆದದ್ದು, ಬಸ್ಸಿನ ದಾರಿಯಲ್ಲ). ಎರಡೂ ಊರಿನ ಶಾಲೆಗಳು ಆಗಸ್ಟ್ 16ರಂದು ಅಳೆದರೆ ಚಾಮರಾಜನಗರದ ನೆರಳು ದಕ್ಷಿಣಕ್ಕೆ 1.7 ಸೆಂ.ಮೀ., ಬಳ್ಳಾರಿಯದು ಉತ್ತರಕ್ಕೆ 1.5 ಸೆಂ.ಮೀ. ಆಸುಪಾಸು ಸಿಗಬೇಕು. ದಿಕ್ಕು ಬೇರೆಯಾದ್ದರಿಂದ ಕೂಡಿಸಬೇಕು: 3.2 ಡಿಗ್ರಿಗೆ 360 ಕಿ.ಮೀ. ಆದರೆ ಭೂಮಿಯ ಪೂರ್ತಿ ಸುತ್ತಿಗೆ, ಅಂದರೆ 360 ಡಿಗ್ರಿಗೆ, 40,500 ಕಿ.ಮೀ. ಭೂಮಿಯ ನಿಜವಾದ ಸುತ್ತಳತೆ ಧ್ರುವಗಳ ಮೂಲಕ 40,008 ಕಿ.ಮೀ. ಅಳತೆಯಲ್ಲಿ 2 ಮಿ.ಮೀ. ತಪ್ಪಿದರೆ ಉತ್ತರ 2,500 ಕಿ.ಮೀ. ಆಚೀಚೆ ಆಗುತ್ತದೆ. ರಸಮಟ್ಟದ ಗುಳ್ಳೆಯನ್ನು ಇನ್ನೊಮ್ಮೆ ನೋಡಿ ಎಂದು ಮಕ್ಕಳಿಗೆ ಆಮೇಲೆ ಯಾರೂ ಹೇಳಬೇಕಾಗುವುದಿಲ್ಲ.