ದೂರದಿಂದ ಹೊಗಳಿಕೆ ಬಂದರೆ ಮೊದಲು ಆಂಟೆನಾ ಮಾನಿಟರ್ ನೋಡಿ

ಎಎಂ ರೇಡಿಯೋ ಸ್ಟೇಷನ್ನಿನ ಎಂಜಿನಿಯರ್‌ಗೆ ಜನ ಫೋನ್ ಮಾಡುವುದು ಬೈಯೋದಕ್ಕೆ. ಗರ್ ಅಂತಿದೆ, ಕೇಳಿಸ್ತಿಲ್ಲ, ಪಕ್ಕದ ಮನೆಯವರು ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ನಿಮ್ಮ ಸ್ಟೇಷನ್ ಸತ್ತೇ ಹೋಯ್ತು. ಬಲ್ಬಿಗೂ ನಾನೇ ಜವಾಬ್ದಾರಿ. ಹೀಗಿರುವಾಗ ಒಂದೇ ರಾತ್ರಿಯಲ್ಲಿ ಸಾಲುಸಾಲಾಗಿ ಹೊಗಳಿಕೆ ಬಂದರೆ ಮನುಷ್ಯನಿಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ನಾನು ಮೈಕಿನ ಮುಂದೆ ಕೂತು ಭಾಷಣ ಬೇರೆ ಮಾಡಿದೆ. ಅದರ ರೆಕಾರ್ಡಿಂಗ್ ಇದೆ, ಪ್ರತಿ ಕ್ರಿಸ್‌ಮಸ್ ಪಾರ್ಟಿಯಲ್ಲೂ ಯಾರೋ ಒಬ್ಬರು ಹಾಕುತ್ತಾರೆ.

ಸ್ಟೇಷನ್ ಹೆಸರು ಬೇಡ. ಒಹಾಯೋದಲ್ಲಿರುವ ಸಣ್ಣದು. ಹಗಲು ಐದು ಕಿಲೋವ್ಯಾಟ್, ನಾನ್-ಡೈರೆಕ್ಷನಲ್, ಅಂದರೆ ಎಲ್ಲ ದಿಕ್ಕಿಗೂ ಒಂದೇ ಸಮ. ರಾತ್ರಿ ಒಂದು ಕಿಲೋವ್ಯಾಟ್, ಮೂರು ಟವರ್ ಸೇರಿ ಅಲೆಯನ್ನು ಬೇಕಾದ ದಿಕ್ಕಿಗೆ ಮಾತ್ರ ಕಳಿಸುವ ಪ್ಯಾಟರ್ನ್, ದಕ್ಷಿಣಕ್ಕೆ ಆಳವಾದ ನಲ್, ಅಂದರೆ ಆ ಕಡೆ ಸಿಗ್ನಲ್ ಹೆಚ್ಚುಕಡಿಮೆ ಇಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ದಕ್ಷಿಣದಲ್ಲಿ ಇನ್ನೊಬ್ಬರಿದ್ದಾರೆ, ಕತ್ತಲಾದ ಮೇಲೆ ನಾವು ಅವರ ಕಡೆ ತಲೆ ಹಾಕಬಾರದು ಅನ್ನೋದು ಲೈಸೆನ್ಸಿನ ಷರತ್ತು. ಡಿಸೆಂಬರಿನಲ್ಲಿ ಸಂಜೆ ಐದು ದಾಟುತ್ತಿದ್ದಂತೆ ರಿಮೋಟ್ ಕಂಟ್ರೋಲ್ ತಾನೇ ಪ್ಯಾಟರ್ನ್ ಬದಲಿಸುತ್ತದೆ. ಪರದೆಯ ಮೇಲೆ 'ನೈಟ್' ಎಂದು ಹಸಿರು ಬರುತ್ತದೆ. ಆ ಹಸಿರನ್ನು ನೋಡಿ ನಾವೆಲ್ಲ ಮನೆಗೆ ಹೋಗುತ್ತೇವೆ.

ಆ ಚಳಿಗಾಲ ನಮ್ಮ ಮ್ಯಾನೇಜರ್‌ಗೆ ಒಂದು ಐಡಿಯಾ ಬಂದಿತ್ತು. ಶನಿವಾರ ರಾತ್ರಿ ಸ್ಯಾಟಲೈಟ್ ಟಾಕ್ ಶೋ ನಿಲ್ಲಿಸಿ ಹಳೇ ಕಾಲದ ಹಾಗೆ ಲೈವ್ ರಾಕ್ ಹಾಕೋದು. ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಕಿವಿ ಮಷೀನು, ಛಾವಣಿ ರಿಪೇರಿ, ಮೊಣಕಾಲಿನ ಮುಲಾಮು ಮಾರುವವರಿಗೆ ಎಪ್ಪತ್ತು ದಾಟಿದ ಕೇಳುಗರು ಬೇಕು, ಅವರಿಗೆ ಬೇಕಾದದ್ದು ತಮ್ಮ ಹದಿನೇಳನೇ ವಯಸ್ಸಿನ ಹಾಡು. ರಿಟೈರ್ ಆಗಿದ್ದ ಒಬ್ಬ ಡಿಜೆಯನ್ನು ಹುಡುಕಿ ತಂದರು. ನಾನು ಅವರನ್ನು ಮನಸ್ಸಿನಲ್ಲೇ ಅಜ್ಜ ಅಂತಿದ್ದೆ. ಅವರು ನನ್ನನ್ನು ಬಾಯ್ತುಂಬ 'ಹುಡುಗಾ' ಅಂತಿದ್ದರು. ನನಗೆ ಆಗಲೇ ನಲವತ್ತು ದಾಟಿತ್ತು.

ಅಜ್ಜ ಒಂದೇ ಷರತ್ತು ಹಾಕಿದರು: ಎಲ್‌ಪಿ ರೆಕಾರ್ಡೇ ಆಗಬೇಕು. ಕಂಪ್ಯೂಟರಿನಿಂದ ಹಾಕಿದರೆ ನಾನು ಬರೋದಿಲ್ಲ ಅಂದರು. ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಟರ್ನ್‌ಟೇಬಲ್ ತಂದು, ಅದರ ಹಮ್, ಅಂದರೆ ಗುಂಯ್‌ಗುಡುವ ಸದ್ದು, ತೆಗೆಯಲು ನಾನು ವಾರಗಟ್ಟಲೆ ಒದ್ದಾಡಿದೆ. ದನಿಯನ್ನು ಹದ ಮಾಡುವ ಪ್ರೊಸೆಸರ್ ಬಿಚ್ಚಿ ಟಾಕ್ ಶೋಗೆ ಇಟ್ಟಿದ್ದ ಸೆಟ್ಟಿಂಗ್ ಎಲ್ಲ ಅಳಿಸಿ ಹೊಸದಾಗಿ ಕೂರಿಸಿದೆ. ಪಾಸಿಟಿವ್ ಪೀಕ್ (ದನಿ ಅಲೆಯನ್ನು ಏರಿಸುವ ಮೇಲ್ತುದಿ) ನಿಯಮದ ಮಿತಿ 125 ಪರ್ಸೆಂಟಿಗೆ ಮುಟ್ಟಿಸಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ರಾತ್ರಿ ನಾನು ಮೋಸ ಹೋದದ್ದು ಈ ಜಂಬದಿಂದಲೇ.

ಅಜ್ಜನ ಕಥೆಗಳಿಗೆ ಕೊನೆಯಿರಲಿಲ್ಲ. ಒಂದು ಹಾಡು ಓಡುವಷ್ಟು ಹೊತ್ತು ಒಂದು ಕಥೆ. ಷಿಕಾಗೋದ 890 ಕಿಲೋಹರ್ಟ್ಸ್ ಸ್ಟೇಷನ್, ಗಡಿಯಾಚೆ ಕೆನಡಾದ ವಿಂಡ್ಸರಿನ 800, ದೂರದ ಲಿಟಲ್ ರಾಕಿನ 1090. ಎಲ್ಲವೂ ಐವತ್ತು ಕಿಲೋವ್ಯಾಟಿನ ದೈತ್ಯರು. ನನಗೆ ತುಂಬ ಹಿಡಿಸಿದ್ದು ಲಿಟಲ್ ರಾಕಿನ ಕಥೆ. ಆ ಕೆಎಎವೈ ಸ್ಟೇಷನ್ನಿನಲ್ಲಿ 1966ರಿಂದ ನಡುರಾತ್ರಿ 'ಬೀಕರ್ ಸ್ಟ್ರೀಟ್' ಎಂಬ ಕಾರ್ಯಕ್ರಮ ಬರುತ್ತಿತ್ತು. ಬೇರೆ ಎಎಂ ಸ್ಟೇಷನ್‌ಗಳು ಮುಟ್ಟದ ಉದ್ದುದ್ದ ರಾಕ್ ಹಾಡುಗಳು. ನಡೆಸುತ್ತಿದ್ದವರು ಕ್ಲೈಡ್ ಕ್ಲಿಫರ್ಡ್. ರಾತ್ರಿ ಟ್ರಾನ್ಸ್‌ಮಿಟರ್ ಹತ್ತಿರ ಲೈಸೆನ್ಸ್ ಇರುವ ಎಂಜಿನಿಯರ್ ಇರಲೇಬೇಕು ಅನ್ನುವ ಕಾಲ ಅದು. ಕ್ಲಿಫರ್ಡ್ ಹತ್ತಿರ ಆ ಲೈಸೆನ್ಸ್ ಇತ್ತು. ಎರಡು ಸಂಬಳ ಯಾಕೆ ಅಂತ ಮೈಕನ್ನೇ ಊರಾಚೆಯ ಟ್ರಾನ್ಸ್‌ಮಿಟರ್ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ಬ್ಲೋವರ್ ಗದ್ದಲ. ಮಾತಾಡಿದರೆ ಅದೂ ಸೇರಿ ಹೋಗುತ್ತಿತ್ತು. ಅದನ್ನು ಮುಚ್ಚಲು ಮಾತಿನ ಹಿಂದೆ ದೆವ್ವದ ಮನೆಯಂಥ ವಿಚಿತ್ರ ಸದ್ದುಗಳನ್ನು ಓಡಿಸಿದರು. ಕೇಳುವ ಹುಡುಗರಿಗೆ ಅದೇ ಹುಚ್ಚು ಹಿಡಿಯಿತು. ಮ್ಯಾನೇಜ್‌ಮೆಂಟಿನ ಜಿಪುಣತನದಿಂದ ಹುಟ್ಟಿದ ಒಳ್ಳೆಯದು ಅಂತ ನನಗೆ ಗೊತ್ತಿರೋದು ಇದೊಂದೇ.

ಧಾರವಾಡದ 765 ಕೇಳಿ ಬೆಳೆದವನು ನಾನು. ರಾತ್ರಿ ಅದು ನಿಂತ ಮೇಲೆ ಮುಳ್ಳು ತಿರುಗಿಸುತ್ತ ಎಲ್ಲೆಲ್ಲಿಯದೋ ಭಾಷೆ ಹಿಡಿಯುವ ಚಟ ನನಗೂ ಇತ್ತು. ಅದಕ್ಕೇ ಅಜ್ಜನ ಹುಚ್ಚು ನನಗೆ ಅರ್ಥವಾಗುತ್ತಿತ್ತು. ಹಾಡುಗಳು ಅಷ್ಟಕ್ಕಷ್ಟೆ.

ಆ ಶನಿವಾರ ಹಮ್ ಮತ್ತೆ ಬಂತು ಅಂತ ನಾನೂ ಸ್ಟುಡಿಯೋದಲ್ಲಿದ್ದೆ. ಹನ್ನೊಂದೂವರೆಗೆ ಮೊದಲ ಫೋನ್, ಪೆನ್ಸಿಲ್ವೇನಿಯಾದಿಂದ. ಆಮೇಲೆ ಕೆನಡಾದ ಒಂಟಾರಿಯೊ. ಆಮೇಲೆ ಒಬ್ಬ ಟ್ರಕ್ ಡ್ರೈವರ್ ಟೆನೆಸಿಯ ಹೈವೇಯಿಂದ: "ಲೋಕಲ್ ಸ್ಟೇಷನ್ ಥರ ಬರ್ತಿದೆ ಕಣ್ರೀ!" ಅಜ್ಜನ ಮುಖ ನೋಡಬೇಕಿತ್ತು. ಐವತ್ತು ವರ್ಷ ಕಡಿಮೆಯಾದ ಹಾಗಿತ್ತು. "ಹುಡುಗಾ, ಏನು ಮಾಡಿದೆ ನೀನು?" ಅಂದರು. ನಾನು ಪ್ರೊಸೆಸರ್ ಕಡೆ ಕೈ ತೋರಿಸಿದೆ.

ಟೆನೆಸಿ ಇರುವುದು ದಕ್ಷಿಣಕ್ಕೆ. ನಮ್ಮ ನಲ್ಲಿನ ನಟ್ಟನಡುವೆ. ಆ ಪ್ಯಾಟರ್ನ್ ನನಗೆ ಬಾಯಿಪಾಠ, ಪ್ರತಿ ವರ್ಷ ಗೊತ್ತು ಮಾಡಿದ ಜಾಗಗಳಿಗೆ (ಮಾನಿಟರ್ ಪಾಯಿಂಟ್) ಹೋಗಿ ಸಿಗ್ನಲ್ ಅಳೆಯುವವನೂ ನಾನೇ. ಆದರೂ ತಲೆಗೆ ಹೋಗಲಿಲ್ಲ. ಬದಲಿಗೆ ಅಜ್ಜ ಎರಡನೇ ಮೈಕ್ ತೆರೆದು "ನಮ್ಮ ಎಂಜಿನಿಯರ್ ಇದನ್ನು ವಿವರಿಸುತ್ತಾರೆ" ಅಂದಾಗ, ಕೂತು ವಿವರಿಸಿಯೇ ಬಿಟ್ಟೆ. ಹಗಲು ಡಿ ಪದರ ಮೀಡಿಯಂ ವೇವನ್ನು ನುಂಗುತ್ತದೆ, ರಾತ್ರಿ ಅದು ಕರಗಿದ ಮೇಲೆ ಅಲೆ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ದೂರ ಇಳಿಯುತ್ತದೆ, ಇವತ್ತು ಈ ಜಿಗಿತ, ಅಂದರೆ ಸ್ಕಿಪ್, ಬಹಳ ಚೆನ್ನಾಗಿದೆ. ಒಂದೊಂದು ಮಾತೂ ಸರಿ. ಆ ರಾತ್ರಿಗೆ ಒಂದೂ ಸಂಬಂಧವಿಲ್ಲ. ವಿಷಯ ಗೊತ್ತಿದ್ದವನಿಗೆ ಇರುವ ಅಪಾಯ ಇದು: ಯಾವ ಎಡವಟ್ಟಿಗೂ ಅವನ ಹತ್ತಿರ ಒಂದು ಚಂದದ ಕಾರಣ ಸಿದ್ಧವಿರುತ್ತದೆ.

ಒಂದು ಗಂಟೆ ಸುಮಾರಿಗೆ ಹಾಟ್‌ಲೈನ್ ಹೊಡೆಯಿತು. ಅತ್ತ ಕಡೆ ಮತ್ತೊಬ್ಬ ಎಂಜಿನಿಯರ್, ದಕ್ಷಿಣದ ಆ ಸ್ಟೇಷನ್ನಿನವನು. ನಿದ್ದೆಯಿಂದ ಎದ್ದ ದನಿ.

"ನೀವು ನೈಟ್ ಪ್ಯಾಟರ್ನ್‌ನಲ್ಲಿ ಇದ್ದೀರಾ?"

"ಇದ್ದೀವಿ."

"ಹಾಗಂತ ಯಾರು ಹೇಳಿದರು?"

"ಪರದೆಯಲ್ಲಿ ಇದೆಯಲ್ಲ."

ಅವನು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಲ್ಯಾಪ್‌ಟಾಪಿನಲ್ಲಿ ಆಂಟೆನಾ ಮಾನಿಟರ್ ಪುಟ ತೆರೆದೆ, ಯಾವ ಟವರಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ತೋರಿಸುವುದು ಅದು. ಒಂದನೇ ಟವರ್ ಸೊನ್ನೆ. ಮೂರನೇ ಟವರ್ ಸೊನ್ನೆ. ನಡುವಿನದೊಂದೇ ಉರಿಯುತ್ತಿತ್ತು. ಅಂದರೆ ಹಗಲಿನ ಐದು ಕಿಲೋವ್ಯಾಟ್, ಸುತ್ತ ಎಲ್ಲ ದಿಕ್ಕಿಗೂ, ಸಂಜೆ ಐದರಿಂದ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

ಆಂಟೆನಾ ಕಡೆ ಹೋಗುವ ಪವರ್ ತೋರಿಸುವ ಚಾನೆಲ್ ಸರಿಯಿದ್ದರೆ ಅದು ಕಿರುಚಿ ಹೇಳುತ್ತಿತ್ತು. ಆ ಸ್ಯಾಂಪಲ್ ಬೋರ್ಡ್ ಬೇಸಿಗೆಯ ಸಿಡಿಲಿಗೆ ಸುಟ್ಟಿತ್ತು. ಕೇಳಿದಾಗಲೆಲ್ಲ ಮ್ಯಾನೇಜರ್ "ಮುಂದಿನ ಕ್ವಾರ್ಟರ್ ನೋಡೋಣ" ಅನ್ನುತ್ತಿದ್ದರು. ಲಾಬಿಗೆ ಹೊಸ ಸೋಫಾ ಮಾತ್ರ ಅದೇ ಕ್ವಾರ್ಟರಿನಲ್ಲಿ ಬಂತು.

ಬೇರೆ ಸ್ಟೇಷನ್‌ಗೆ ಹೀಗೆ ತೊಂದರೆ ಕೊಡುತ್ತಿದ್ದರೆ ಮೂರು ನಿಮಿಷದೊಳಗೆ ಪವರ್ ಇಳಿಸಬೇಕು, ಇಲ್ಲಾ ನಿಲ್ಲಿಸಬೇಕು. ಇದು ಅಮೆರಿಕದಲ್ಲಿ ರೇಡಿಯೋ ಲೈಸೆನ್ಸ್ ಕೊಡುವ ಎಫ್‌ಸಿಸಿಯ ನಿಯಮ. ನಮ್ಮಲ್ಲಿ ಪವರ್ ಇಳಿಸುವ ಕಮ್ಯಾಂಡೂ ಅದೇ ಪ್ಯಾಟರ್ನ್ ಕಂಟ್ರೋಲರ್ ಮೂಲಕವೇ ಹೋಗಬೇಕು. ಕಳಿಸಿದೆ. ಏನೂ ಆಗಲಿಲ್ಲ. ಮತ್ತೆ ಕಳಿಸಿದೆ. ಉಳಿದದ್ದು ಆಫ್ ಒಂದೇ.

ಟರ್ನ್‌ಟೇಬಲ್ ಮೇಲೆ ಎಪ್ಪತ್ತರ ದಶಕದ ಒಂದು ಉದ್ದನೆಯ ಹಾಡು ತಿರುಗುತ್ತಿತ್ತು. ಗಿಟಾರ್ ಸೋಲೋ ಆಗಷ್ಟೇ ಶುರುವಾಗಿತ್ತು. ಅಜ್ಜನಿಗೆ ಹೇಳಿದೆ. ಅವರು ಹೆಡ್‌ಫೋನ್ ತೆಗೆಯದೆ ಒಂದು ಬೆರಳು ಎತ್ತಿದರು. ಇದೊಂದು ಮುಗಿಯಲಿ ಅಂತ. ನಾನು ಸೂಜಿಯಿಂದ ಲೇಬಲ್‌ವರೆಗೆ ಎಷ್ಟು ಗೆರೆ ಉಳಿದಿದೆ ಅಂತ ನೋಡಿದೆ. ನೋಡಬಾರದಿತ್ತು. ಆ ದಕ್ಷಿಣದವನು ಫೋನಿನಲ್ಲೇ ಇದ್ದ, ಅವನಿಗೂ ಈ ಸೋಲೋ ಕೇಳಿಸುತ್ತಿತ್ತು, ಅವನದೇ ಸ್ಟೇಷನ್ನಿನ ಮೇಲೆ. "ಹಾಡೇನೋ ಚೆನ್ನಾಗಿದೆ, ಆದರೆ..." ಅಂದ. ಆಫ್ ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಹೌದು. ಮತ್ತೆ ಪಾಸ್‌ವರ್ಡ್ ಕೇಳಿತು. ಈ ಸಾಫ್ಟ್‌ವೇರ್ ಬರೆದವರನ್ನು ಒಂದು ರಾತ್ರಿ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಏರ್ ಮಾನಿಟರಿನಲ್ಲಿ ಗಿಟಾರ್ ಕತ್ತರಿಸಿ ಹೋಯಿತು. ಅಜ್ಜ ನನ್ನನ್ನು ನೋಡಿದ ರೀತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸೈಟಿಗೆ ಹೋಗುವ ದಾರಿ ತುಂಬ ಹಿಮ. ಗೇಟಿನ ಬೀಗ ಹೆಪ್ಪುಗಟ್ಟಿತ್ತು, ಲೈಟರ್ ಹಿಡಿದು ಬಿಡಿಸಿದೆ. ಒಳಗೆ ನೋಡಿದರೆ ಕಂಟ್ರೋಲರಿನ ಒಂದು ರಿಲೇ ಡೇ ಕಡೆಗೇ ಅಂಟಿಕೊಂಡು ಕೂತಿತ್ತು. ನೈಟ್ ಕಮ್ಯಾಂಡ್ ಬಂದರೂ ಅದು ಕದಲಲಿಲ್ಲ, ಟವರುಗಳ ಜೋಡಣೆ ಬದಲಿಸುವ ದೊಡ್ಡ ಸ್ವಿಚ್‌ಗಳಾದ ಕಂಟ್ಯಾಕ್ಟರ್‌ಗಳಿಗೆ ಸುದ್ದಿಯೇ ಹೋಗಿರಲಿಲ್ಲ. ಪರದೆಯ ಹಸಿರು? ಅದರ ವೈರ್ ಹಿಡಿದು ಹೋದರೆ, ಕಂಟ್ಯಾಕ್ಟರ್ ನಿಜಕ್ಕೂ ಕದಲಿದೆಯೇ ಅಂತ ಹೇಳುವ ಮೈಕ್ರೋಸ್ವಿಚ್‌ಗೆ ಮುಟ್ಟಿರಲೇ ಇಲ್ಲ. ಮೈಕ್ರೋಸ್ವಿಚ್ ತೊಂದರೆ ಕೊಡುತ್ತದೆ ಅಂತ ನನಗಿಂತ ಮುಂಚಿನ ಯಾರೋ ಪುಣ್ಯಾತ್ಮ ಅದನ್ನು ಬಿಟ್ಟು ಒಂದು ತಂತಿ (ಜಂಪರ್) ಹಾಕಿ, ಸ್ಟೇಟಸ್ಸನ್ನು ಕಮ್ಯಾಂಡ್ ಲೈನಿಗೇ ಕಟ್ಟಿದ್ದ. 'ಬದಲಿಸು' ಅಂದ ತಕ್ಷಣ 'ಬದಲಾಯಿತು' ಅಂತ ದೀಪ. ಟೇಪ್ ಮೇಲೆ 'ತಾತ್ಕಾಲಿಕ' ಎಂದು ಬರೆದಿತ್ತು, ತಾರೀಖಿಲ್ಲ. ಆ ಕ್ಯಾಬಿನೆಟ್ ನಾನು ಎಷ್ಟೋ ಸಲ ತೆರೆದಿದ್ದೇನೆ. ಆ ಟೇಪನ್ನೂ ಓದಿದ್ದೇನೆ.

ರಿಲೇ ಬದಲಿಸಿ, ಜಂಪರ್ ಕಿತ್ತು, ಟವರುಗಳ ಕರೆಂಟಿನ ರೇಷಿಯೋ ಮತ್ತು ಫೇಸ್ ಸರಿಯಿದೆಯೇ ನೋಡಿ, ನೈಟ್‌ನಲ್ಲಿ ಏರಿಸಿ, ಅಜ್ಜನಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಮಾತಿನಲ್ಲಿ ಮುಳುಗಿದ್ದರು. ಟ್ರಾನ್ಸ್‌ಮಿಟರ್ ನಿಂತರೆ ಏನಂತೆ, ಇಂಟರ್ನೆಟ್ ಸ್ಟ್ರೀಮ್ ಓಡುತ್ತಲೇ ಇತ್ತು. ಯಾರೂ ಕೇಳುತ್ತಿಲ್ಲ ಅಂದುಕೊಂಡು ಅವರು ಸ್ಟೇಷನ್ನಿನ ಬಗ್ಗೆ, ಲಾಬಿಯ ಸೋಫಾ ಬಗ್ಗೆ, ಸೋಲೋ ಮಧ್ಯೆ ಸ್ವಿಚ್ ಆರಿಸುವ ಹುಡುಗರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ದರು. ಅದಕ್ಕೂ ರೆಕಾರ್ಡಿಂಗ್ ಇದೆ. ನಿಜಕ್ಕೂ ಅದೇ ಆ ಸೀಸನ್ನಿನ ಅತ್ಯುತ್ತಮ ಕಾರ್ಯಕ್ರಮ.

ಆಮೇಲೆ ಅವರಿಗೆ ಸಮಾಧಾನವಾಗಿ ವಿವರಿಸಿದೆ. ನಿಮ್ಮ ಕಾಲದ ಷಿಕಾಗೋದ 890ರಂಥ ದೈತ್ಯರು ಅಷ್ಟು ದೂರ ಕೇಳಿಸುತ್ತಿದ್ದದ್ದು ಬರೀ ಪವರ್‌ನಿಂದಲ್ಲ, ರಾತ್ರಿ ಆ ಫ್ರೀಕ್ವೆನ್ಸಿಯನ್ನು ಅವರಿಗಾಗಿ ಖಾಲಿ ಬಿಟ್ಟಿದ್ದರಿಂದ. 1980ರಲ್ಲಿ ಎಫ್‌ಸಿಸಿ ಆ ರಕ್ಷಣೆಯನ್ನು ಸುಮಾರು 750 ಮೈಲಿಗೆ ಇಳಿಸಿತು, ಅದರಾಚೆ ಬೇರೆಯವರು ಬಂದು ಕೂತರು. ಹಾಡುಗಳಂತೂ ಎಫ್‌ಎಂ ಕಡೆ ಹೊರಟೇ ಹೋಗಿದ್ದವು. ನ್ಯೂಯಾರ್ಕಿನ 770, ಡಬ್ಲ್ಯುಎಬಿಸಿಯಂಥ ಸ್ಟೇಷನ್ ಕೂಡ 1982ರ ಮೇ 10ರಂದು ಸಂಗೀತ ನಿಲ್ಲಿಸಿತು. ನಮ್ಮಂಥ ಸಣ್ಣವರು ದೂರ ಕೇಳಿಸಬೇಕಾದರೆ ಇನ್ನೊಬ್ಬರ ಬಾಯಿ ಮುಚ್ಚಲೇಬೇಕು. ಅಜ್ಜ ಎಲ್ಲ ಕೇಳಿ, "ಗೊತ್ತು ಹುಡುಗಾ. ಆದರೂ ಟೆನೆಸಿ ಅಂದೆಯಲ್ಲ!" ಅಂದರು.

ಸೋಮವಾರ ಲಾಗ್ ಬರೆದು ಮ್ಯಾನೇಜರ್ ಮುಂದೆ ಇಟ್ಟೆ. ಅವರು ಓದಿದ್ದು ಒಂದೇ ಸಾಲು, ಎಲ್ಲೆಲ್ಲಿಂದ ಫೋನ್ ಬಂತು ಅನ್ನೋದು. ಮಧ್ಯಾಹ್ನದೊಳಗೆ ಜಾಹೀರಾತಿನವರಿಗೆ ಕಳಿಸುವ ನಕ್ಷೆ ತಯಾರಾಗಿತ್ತು: 'ಎರಡು ದೇಶಗಳಲ್ಲಿ ನಮ್ಮ ದನಿ'. ಇದು ನಾವು ಮಾಡಿದ ತಪ್ಪಿನ ನಕ್ಷೆ ಎಂದು ಹೇಳಿ ತೆಗೆಸಲು ಲಾಯರ್ ಕೈಲಿ ಮಾತಾಡಿಸಬೇಕಾಯಿತು.

ಅಷ್ಟರಲ್ಲಿ ದೂರದ ಸ್ಟೇಷನ್ ಹಿಡಿಯುವ ಡಿಎಕ್ಸ್ ಹವ್ಯಾಸಿಗಳ ರಿಪೋರ್ಟ್‌ಗಳು ಬರತೊಡಗಿದವು, ಕೇಳಿದ್ದು ನಿಜ ಅಂತ ಸ್ಟೇಷನ್ ಬರೆದುಕೊಡುವ ಕ್ಯೂಎಸ್‌ಎಲ್ ಕಾರ್ಡ್ ಕೊಡಿ ಅಂತ. ಒಂದು ಫಿನ್ಲೆಂಡಿನಿಂದ. ಅಲ್ಲಿನವರು ಲ್ಯಾಪ್‌ಲ್ಯಾಂಡಿನ ಕಾಡಿನಲ್ಲಿ ನೂರಾರು ಮೀಟರ್ ತಂತಿ ಎಳೆದು ಅಮೆರಿಕದ ಎಎಂ ಹಿಡಿಯುತ್ತಾರೆ. ಆಡಿಯೋ ಕ್ಲಿಪ್ಪೂ ಕಳಿಸಿದ್ದ. ಸುಂಯ್ ಎನ್ನುವ ಸದ್ದಿನ ಅಡಿಯಲ್ಲಿ ನಾನೇ, ಡಿ ಪದರದ ಬಗ್ಗೆ ಪಾಠ ಮಾಡುತ್ತಿದ್ದೆ. ಕಾರ್ಡಿಗೆ ಸಹಿ ಹಾಕಿದರೆ ತಪ್ಪನ್ನು ಬರೆದುಕೊಟ್ಟ ಹಾಗೆ. ಹಾಕದಿದ್ದರೆ ಅಷ್ಟು ಕಷ್ಟಪಟ್ಟವನಿಗೆ ಅನ್ಯಾಯ. 'ಐದು ಕಿಲೋವ್ಯಾಟ್, ನಾನ್-ಡೈರೆಕ್ಷನಲ್, ರಿಲೇ ಕೆಟ್ಟು' ಎಂದು ಇದ್ದದ್ದನ್ನೇ ಬರೆದು ಸಹಿ ಹಾಕಿ ಕಳಿಸಿದೆ. ಲಾಗಿನಲ್ಲೂ ಅದೇ ಇತ್ತಲ್ಲ.

ಆ ಕ್ಲಿಪ್ ಕೇಳಿದ ಮೇಲೆ ಮ್ಯಾನೇಜರ್‌ಗೆ ಬಹಳ ಖುಷಿಯಾಯಿತು. ಪವರ್ ಸ್ಯಾಂಪಲ್ ಬೋರ್ಡಿಗೆ ಮರುವಾರವೇ ದುಡ್ಡು ಬಂತು. ರಿಪೇರಿ ಲೆಕ್ಕದಿಂದಲ್ಲ, ಪ್ರಚಾರದ ಲೆಕ್ಕದಿಂದ. ಯಾವ ಲೆಕ್ಕದ್ದಾದರೇನು ಅಂತ ತಕ್ಷಣ ಆರ್ಡರ್ ಹಾಕಿದೆ.