ಪರ್ಡಿ ಸಿಕ್ಕಿದ ಮೇಲೆ ಲ್ಯಾನ್ಸ್ ಲೆಕ್ಕ ಚುಕ್ತಾ ಆಯಿತೇ?

ಅಮೆರಿಕನ್ ಫುಟ್ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಸ್ಯಾಂಟಾ ಕ್ಲಾರಾ, ಸನಿವೇಲ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಹಬ್ಬದ ಊಟಕ್ಕೋ ಮಕ್ಕಳ ಹುಟ್ಟುಹಬ್ಬಕ್ಕೋ ಸೇರಿದಾಗ, ನಾನು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಅಭಿಮಾನಿ ಎಂದು ಬಲ್ಲವರು ಕೇಳಿಯೇ ಕೇಳುತ್ತಾರೆ: "ಕಟ್ಟಕಡೆಯ ಆಯ್ಕೆಯಲ್ಲಿ ಬ್ರಾಕ್ ಪರ್ಡಿ ಸಿಕ್ಕಿದರಲ್ಲ, ಇನ್ನೂ ಏಕೆ ಟ್ರೇ ಲ್ಯಾನ್ಸ್ ವಿಷಯ ಎತ್ತುತ್ತೀರಿ? ಒಂದಕ್ಕೊಂದು ಸರಿಹೋಯಿತಲ್ಲ?"

ಸರಿಹೋಗಲಿಲ್ಲ. ಇಬ್ಬರೂ ನಮ್ಮ ತಂಡ ಆರಿಸಿದ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಪಾಸ್ ಎಸೆದು ದಾಳಿ ನಡೆಸುವವರು. ಪರ್ಡಿ ಸಿಕ್ಕಿದ್ದು ಬೇರೆ ಖಾತೆ, ಲ್ಯಾನ್ಸ್‌ಗಾಗಿ ತೆತ್ತಿದ್ದು ಬೇರೆ ಖಾತೆ. ಎರಡನ್ನೂ ಒಂದೇ ಪುಟದಲ್ಲಿ ಕೂಡಿ ಕಳೆದರೆ ನಮ್ಮ ತಂಡ ಎಲ್ಲಿ ನಿಜವಾಗಿ ಜಾಣತನ ತೋರುತ್ತದೆ, ಎಲ್ಲಿ ಪದೇ ಪದೇ ಎಡವುತ್ತದೆ ಎಂಬುದೇ ಕಾಣದೆ ಹೋಗುತ್ತದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕನ್ ಫುಟ್ಬಾಲ್ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು. ಐಪಿಎಲ್ ಹರಾಜಿನಲ್ಲಿ ಯಾವ ಆಟಗಾರನಿಗೆ ಬೇಕಾದರೂ ಯಾವ ತಂಡ ಬೇಕಾದರೂ ಬೆಲೆ ಕೂಗಬಹುದು, ಗಂಟಿನಲ್ಲಿ ಹಣವಿದ್ದರೆ ಸಾಕು. ಅಮೆರಿಕನ್ ಫುಟ್ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಬೆಲೆ ಕೂಗುವ ಪ್ರಶ್ನೆಯೇ ಇಲ್ಲ. ಕಾಲೇಜು ಫುಟ್ಬಾಲಿನಿಂದ ಬರುವ ಹುಡುಗರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊನೆಯದು. ಹೊಸಬರ ಸಂಬಳವೂ ಹೆಚ್ಚುಕಡಿಮೆ ಸರದಿಯ ಸಂಖ್ಯೆಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತದೆ. ಹಾಗಾಗಿ ಇಲ್ಲಿ ಚಲಾವಣೆಯಾಗುವ ನಾಣ್ಯ ಎಂದರೆ ಸರದಿಯೇ. ಅದನ್ನು ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷಗಳದ್ದನ್ನೂ ಈಗಲೇ ಬಿಟ್ಟುಕೊಡಬಹುದು.

ಜಾನ್ ಲಿಂಚ್ ಜನರಲ್ ಮ್ಯಾನೇಜರ್ ಆಗಿಯೂ ಕೈಲ್ ಶಾನಹನ್ ಮುಖ್ಯ ತರಬೇತುದಾರರಾಗಿಯೂ 2017ರಲ್ಲಿ ಬಂದರು. ಅವರಿಬ್ಬರ ಕೈಯಲ್ಲಿ ಈ ನಾಣ್ಯ ಅತಿ ದೊಡ್ಡ ಪ್ರಮಾಣದಲ್ಲಿ ಖರ್ಚಾದದ್ದು 2021ರ ಮಾರ್ಚ್‌ನಲ್ಲಿ. ಮಯಾಮಿ ಡಾಲ್ಫಿನ್ಸ್‌ಗೆ ಆ ವರ್ಷದ 12ನೇ ಸರದಿಯನ್ನೂ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ, ಮೇಲೊಂದು ಮೂರನೇ ಸುತ್ತಿನ ಸರದಿಯನ್ನೂ ಕೊಟ್ಟು ಮೂರನೇ ಸ್ಥಾನಕ್ಕೆ ಏರಿದರು. ಆರಿಸಿದ್ದು ನಾರ್ತ್ ಡಕೋಟಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಅವರನ್ನು. 2019ರಲ್ಲಿ 28 ಟಚ್‌ಡೌನ್ ಪಾಸ್, ಅಂದರೆ ಅಂಕ ತಂದ ಪಾಸ್, ಎಸೆದು ಒಂದನ್ನೂ ಎದುರಾಳಿಯ ಕೈಗೆ ಕೊಡದ ಹುಡುಗ. ಆದರೆ ಕೋವಿಡ್ ಕಾರಣದಿಂದ 2020ರಲ್ಲಿ ಆಡಿದ್ದು ಒಂದೇ ಪಂದ್ಯ. ಇಡೀ ಕಾಲೇಜು ಜೀವನದಲ್ಲಿ ಎಸೆದ ಪಾಸ್‌ಗಳು 318. 2022ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್ ವಿರುದ್ಧದ ಪಂದ್ಯದಲ್ಲಿ ಕಣಕಾಲು ಮುರಿಯಿತು. ನಮ್ಮ ತಂಡದ ಪರ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವರನ್ನು ಡಲ್ಲಾಸ್‌ಗೆ ಕಳುಹಿಸಿಕೊಟ್ಟರು. ಇದರಲ್ಲಿ ಲ್ಯಾನ್ಸ್ ಅವರ ತಪ್ಪು ಎಳ್ಳಷ್ಟೂ ಇಲ್ಲ. ಬೆಲೆ ಕಟ್ಟಿದವರು ಅವರಲ್ಲ.

ಆ ಬೆಲೆ ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಹಿಂಬಾಲಿಸಿ ನೋಡಿದರೆ ನನ್ನ ಸಂಕಟ ಅರ್ಥವಾಗುತ್ತದೆ. 2021ರ 12ನೇ ಸರದಿ ಮಯಾಮಿಯಿಂದ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಡಲ್ಲಾಸ್‌ಗೆ ದಾಟಿತು. ಡಲ್ಲಾಸ್ ಅದರಲ್ಲಿ ಆರಿಸಿದ್ದು, ಮುಂದೆ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಒಬ್ಬರಾದ ಮೈಕಾ ಪಾರ್ಸನ್ಸ್ ಅವರನ್ನು. 2023ರದು ಮಯಾಮಿಯಿಂದ ಡೆನ್ವರ್‌ಗೆ, ಡೆನ್ವರ್‌ನಿಂದ ತರಬೇತುದಾರ ಶಾನ್ ಪೇಟನ್ ಅವರನ್ನು ಪಡೆಯುವ ಒಪ್ಪಂದದಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ನಡುವಿನ 2022ರದೇ ನನ್ನನ್ನು ಹೆಚ್ಚು ಕಾಡುವುದು. ಅದು 29ನೇ ಸರದಿ. ಪಾಸ್ ಹಿಡಿಯುವ ರಿಸೀವರ್ ಟೈರೀಕ್ ಹಿಲ್ ಅವರನ್ನು ಪಡೆಯಲು ಮಯಾಮಿ ಅದನ್ನು ಕಾನ್ಸಾಸ್ ಸಿಟಿಗೆ ಕೊಟ್ಟಿತು. ಕಾನ್ಸಾಸ್ ಸಿಟಿ ಅದಕ್ಕೆ ಇನ್ನೆರಡು ಸರದಿ ಸೇರಿಸಿ 21ಕ್ಕೆ ಏರಿ ಎದುರಾಳಿಯ ಪಾಸ್ ತಡೆಯುವ ಕಾರ್ನರ್‌ಬ್ಯಾಕ್ ಟ್ರೆಂಟ್ ಮೆಕ್‌ಡಫಿ ಅವರನ್ನು ಆರಿಸಿಕೊಂಡಿತು.

ಈಗ 2024ರ ಫೆಬ್ರುವರಿ 11ರ ರಾತ್ರಿಗೆ ಬನ್ನಿ. ಲಾಸ್ ವೇಗಸ್, 58ನೇ ಸೂಪರ್ ಬೌಲ್, 16-16 ಸಮಬಲ, ಆಟಕ್ಕೆ ಉಳಿದಿರುವುದು ಎರಡು ನಿಮಿಷ. ಚೆಂಡು ನಮ್ಮದು, ಮೂರನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನು ಐದು ಗಜ ಸಾಗಿದರೆ ಗಡಿಯಾರವೂ ನಮ್ಮ ಹಿಡಿತಕ್ಕೆ ಬರುತ್ತದೆ. ಪರ್ಡಿ ಕೈ ಎತ್ತುವಷ್ಟರಲ್ಲಿ ಯಾರೂ ತಡೆಯದ ಒಬ್ಬ ಆಟಗಾರ ನುಗ್ಗಿಬಂದು ಜಿಗಿದು ಪಾಸನ್ನು ಬಡಿದು ಹಾಕುತ್ತಾರೆ. ಅವರೇ ಮೆಕ್‌ಡಫಿ. ನಾವು ಚೆಂಡು ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲ್‌ಗೆ ತೃಪ್ತಿಪಡಬೇಕಾಯಿತು. ಕಾನ್ಸಾಸ್ ಸಿಟಿ ಸಮ ಮಾಡಿತು, ಹೆಚ್ಚುವರಿ ಅವಧಿಯಲ್ಲಿ 25-22ರಿಂದ ಗೆದ್ದಿತು. ನಮ್ಮ ಸರದಿಯ ಬಲದಿಂದ ಕೊಂಡ ಆಟಗಾರ ನಮ್ಮ ಟ್ರೋಫಿಗೆ ಅಡ್ಡ ಬಂದ. ಲೆಕ್ಕ ಚುಕ್ತಾ ಆಯಿತು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಒಂದು ಪಾಸ್‌ನ ಕಥೆಯನ್ನೇ.

ಹಾಗಾದರೆ ಪರ್ಡಿ ಬರೀ ಅದೃಷ್ಟವೇ? ಅದನ್ನೂ ನಾನು ಒಪ್ಪುವುದಿಲ್ಲ. 2022ರ ಡ್ರಾಫ್ಟ್‌ನ 262ನೇ, ಅಂದರೆ ಕಟ್ಟಕಡೆಯ ಆಯ್ಕೆ ಅವರು. ಆ ಸ್ಥಾನದವರನ್ನು 'ಮಿಸ್ಟರ್ ಇರ್ರೆಲೆವೆಂಟ್' (ಲೆಕ್ಕಕ್ಕಿಲ್ಲದವನು) ಎಂದು ಕರೆದು ಮೆರವಣಿಗೆ ಮಾಡುವ ಪದ್ಧತಿ 1976ರಿಂದ ಇದೆ. ಆದರೆ ಅಯೋವಾ ಸ್ಟೇಟ್‌ನಲ್ಲಿ ಪರ್ಡಿ ನಾಲ್ಕು ಸೀಸನ್ ಆಡಿ 12,170 ಗಜಗಳಷ್ಟು ಪಾಸ್ ಎಸೆದು ಬಂದವರು. ಎತ್ತರ ಕಡಿಮೆ, ತೋಳಿನ ಬಲ ಸಾಧಾರಣ ಎಂದು ಎಲ್ಲರೂ ಬದಿಗಿಟ್ಟರು. ಶಾನಹನ್ ಅವರ ಆಟಕ್ಕೆ ಬೇಕಾದದ್ದು ಬೇಗ ಓದಿ, ಹೆಜ್ಜೆಯ ಲಯಕ್ಕೆ ಸರಿಯಾಗಿ ಚೆಂಡು ಬಿಡುವ ಕೈ. ನಾಲ್ಕು ವರ್ಷ ಆಡಿದವನಿಗೆ ಆ ಓದು ಒಲಿದಿರುತ್ತದೆ. ಲ್ಯಾನ್ಸ್ ಅವರಲ್ಲಿ ನಾಳೆ ಬರಬಹುದಾದ ಸಾಮರ್ಥ್ಯಕ್ಕೆ ಮೂರು ವರ್ಷಗಳ ಮೊದಲ ಸುತ್ತನ್ನು ಸುರಿದವರು, ಪರ್ಡಿ ಅವರಲ್ಲಿ ಆಗಲೇ ಇದ್ದ ಕೌಶಲಕ್ಕೆ ತೆತ್ತದ್ದು ಡ್ರಾಫ್ಟ್‌ನ ಅತಿ ಅಗ್ಗದ ಸರದಿ. ನೋಡುವ ಕಣ್ಣು ಚೆನ್ನಾಗಿಯೇ ಇದೆ. ಆ ಕಣ್ಣು ಕಂಡದ್ದಕ್ಕೆ ಬೆಲೆ ಕಟ್ಟುವಾಗಲೇ ನಮ್ಮವರು ಸೋಲುವುದು.

ತಡವಾದ ಸುತ್ತುಗಳಲ್ಲಿ ಇವರ ಕೈ ಪಳಗಿದೆ ಎನ್ನಲು ಪರ್ಡಿ ಒಬ್ಬರೇ ಸಾಕ್ಷಿಯಲ್ಲ. ಐದನೇ ಸುತ್ತನ್ನೇ ನೋಡಿ. 2017ರಲ್ಲಿ 146ನೆಯವರಾಗಿ ಜಾರ್ಜ್ ಕಿಟಲ್, 2019ರಲ್ಲಿ 148ನೆಯವರಾಗಿ ಡ್ರೆ ಗ್ರೀನ್‌ಲಾ, 2021ರಲ್ಲಿ 172 ಮತ್ತು 180ನೆಯವರಾಗಿ ಡಿಯೊಮೊಡೋರ್ ಲೆನೊವರ್, ಟಲನೋವಾ ಹುಫಂಗಾ. ಏಳನೇ ಸುತ್ತಿನಲ್ಲಿ ಜಾವಾನ್ ಜೆನ್ನಿಂಗ್ಸ್. ಬಹುತೇಕ ತಂಡಗಳು ಈ ಸುತ್ತುಗಳಲ್ಲಿ ಬೆಂಚು ತುಂಬಿಸುವವರನ್ನು ಹುಡುಕುತ್ತವೆ. ನಾವು ಸೂಪರ್ ಬೌಲ್ ತಂಡದ ಬೆನ್ನೆಲುಬನ್ನೇ ಇಲ್ಲಿಂದ ತಂದಿದ್ದೇವೆ.

ಕಿಟಲ್ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ಇವರು ಹೇಗೆ ಯೋಚಿಸುತ್ತಾರೆ ಎಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಯೋವಾ ವಿಶ್ವವಿದ್ಯಾಲಯದಲ್ಲಿ ಅವರು ಒಟ್ಟು ಹಿಡಿದ ಪಾಸ್‌ಗಳು 48. ಅಂಕಿಪಟ್ಟಿ ನೋಡುವವರ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಅಯೋವಾ ತಂಡ ಚೆಂಡು ಹಿಡಿದು ಓಡುವ ಆಟದ ಮೇಲೆ ನಿಂತಿದ್ದು, ಅಲ್ಲಿ ಟೈಟ್ ಎಂಡ್ ಆದವನು ಮೊದಲು ಎದುರಾಳಿಯನ್ನು ತಡೆದು ನಿಲ್ಲಿಸಲು ಕಲಿಯುತ್ತಾನೆ. ಪರೀಕ್ಷೆಯ ದಿನ ಅದೇ ಕಿಟಲ್ 40 ಗಜವನ್ನು 4.52 ಸೆಕೆಂಡಿನಲ್ಲಿ ಓಡಿದರು. ತಡೆಯಬಲ್ಲ, ಓಡಬಲ್ಲ ಟೈಟ್ ಎಂಡ್ ಎಂದರೆ ಶಾನಹನ್ ಅವರ ಆಟಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದೇ ಸಾಲಿನಲ್ಲಿ ನಿಂತು ಓಟಕ್ಕೆ ದಾರಿ ಮಾಡುವನೋ ಪಾಸ್ ಹಿಡಿಯಲು ಜಾರಿಕೊಳ್ಳುವನೋ ಎಂದು ಎದುರಾಳಿಗೆ ಕೊನೆಯ ಕ್ಷಣದವರೆಗೂ ಗೊತ್ತಾಗುವುದಿಲ್ಲ. ಎರಡನೇ ಸೀಸನ್ನಿನಲ್ಲೇ, 2018ರಲ್ಲಿ, ಕಿಟಲ್ 1,377 ಗಜ ಗಳಿಸಿ ಟೈಟ್ ಎಂಡ್‌ಗಳ ಅಂದಿನ ದಾಖಲೆ ಬರೆದರು. ಮೂರನೇ ಸುತ್ತಿನಲ್ಲಿ 70ನೆಯವರಾಗಿ ಸಿಕ್ಕಿದ ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಫ್ರೆಡ್ ವಾರ್ನರ್ ಕಥೆಯೂ ಇದೇ ಜಾಡಿನದು. ತರಬೇತುದಾರರು ತಮಗೆ ಇಂಥದ್ದೇ ಕೆಲಸ ಮಾಡುವವನು ಬೇಕು ಎಂದು ಖಚಿತವಾಗಿ ಹೇಳಿದಾಗ ಹುಡುಕುವವರಿಗೆ ಹೆಸರು, ಖ್ಯಾತಿಗಳ ಹಂಗಿರುವುದಿಲ್ಲ.

ಇನ್ನು ಮತ್ತೊಂದು ಮಗ್ಗುಲು. 'ಇವನೇ ಬೇಕು' ಎಂಬ ಹಟ ಹಿಡಿದಾಗಲೆಲ್ಲ ನಮ್ಮವರ ಕೈ ಸುಟ್ಟಿದೆ. 2017ರಲ್ಲಿ ಮೂರನೆಯವರಾಗಿ ಆರಿಸಿದ ಸಾಲಮನ್ ಥಾಮಸ್ ನಾಲ್ಕು ವರ್ಷಗಳಲ್ಲಿ ನಮಗೆ ಕೊಟ್ಟದ್ದು ಆರು ಸ್ಯಾಕ್ (ಪಾಸ್ ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡಹುವುದು). ಅದೇ ಡ್ರಾಫ್ಟ್‌ನಲ್ಲಿ 10ನೆಯವರಾಗಿ ಹೋದವರು ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್. ಅದೇ ವರ್ಷ ಸಿಯಾಟಲ್ ಜೊತೆ ವ್ಯವಹಾರ ಮಾಡಿ 31ಕ್ಕೆ ಏರಿ ಆರಿಸಿದ ರೂಬನ್ ಫಾಸ್ಟರ್ ಎರಡನೇ ಸೀಸನ್ ಮುಗಿಯುವ ಮೊದಲೇ ತಂಡದಲ್ಲಿರಲಿಲ್ಲ. 2018ರಲ್ಲಿ ಏರಿ ಆರಿಸಿದ ಡಾಂಟೆ ಪೆಟಿಸ್ 2020ರಲ್ಲಿ ಹೊರಬಿದ್ದರು. 2023ರಲ್ಲಿ, ಲ್ಯಾನ್ಸ್ ವ್ಯವಹಾರದ ಬಿಸಿ ಇನ್ನೂ ಆರದೆ ಮೊದಲ ಸುತ್ತಿನಲ್ಲಿ ಕೈ ಖಾಲಿ ಇದ್ದ ವರ್ಷದಲ್ಲಿ, 99ನೇ ಸರದಿಯನ್ನು ಚೆಂಡು ಒದೆಯುವ ಕಿಕ್ಕರ್ ಜೇಕ್ ಮೂಡಿ ಅವರಿಗೆ ಕೊಟ್ಟರು. ಮೂರನೇ ಸುತ್ತಿನಲ್ಲಿ ಕಿಕ್ಕರ್ ಆರಿಸುವುದು ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ. 2025ರ ಮೊದಲ ಪಂದ್ಯ ಮುಗಿದ ಬೆನ್ನಿಗೇ ಅವರನ್ನು ಬಿಟ್ಟುಕೊಟ್ಟರು.

ಇದಕ್ಕೆ ಎದುರು ಉದಾಹರಣೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇವೆ. 2020ರಲ್ಲಿ 31ರಿಂದ 25ಕ್ಕೆ ಏರಿ ತಂದ ಬ್ರಾಂಡನ್ ಐಯುಕ್ ಒಳ್ಳೆಯ ರಿಸೀವರ್ ಆಗಿ ಬೆಳೆದರು. 2019ರಲ್ಲಿ ಎರಡನೆಯವರಾಗಿ ಬಂದ ನಿಕ್ ಬೋಸಾ 2022ರಲ್ಲಿ 18.5 ಸ್ಯಾಕ್ ಮಾಡಿ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರ ಎನಿಸಿದರು. ಆದರೆ ಬೋಸಾ ಅವರಿಗಾಗಿ ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ, ಸರದಿ ತಾನಾಗಿ ಬಂದಿತ್ತು. ಐಯುಕ್‌ಗೆ ತೆತ್ತದ್ದೂ ಆ ವರ್ಷದ ಸಣ್ಣ ಸರದಿಗಳನ್ನೇ, ನಾಳೆಯದನ್ನು ಮುಟ್ಟಲಿಲ್ಲ. ನಾನು ಗೆರೆ ಎಳೆಯುವುದು ಅಲ್ಲೇ.

ಪರ್ಡಿ ಪಕ್ಷದವರ ಇನ್ನೊಂದು ವಾದಕ್ಕೆ ತೂಕವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2023ರಲ್ಲಿ ಬೇರೆ ತಂಡಗಳು ತಮ್ಮ ಕ್ವಾರ್ಟರ್‌ಬ್ಯಾಕ್‌ಗೆ ವರ್ಷಕ್ಕೆ 4-5 ಕೋಟಿ ಡಾಲರ್ ಕೊಡುತ್ತಿದ್ದಾಗ ಪರ್ಡಿ ಅವರ ಸಂಬಳ 10 ಲಕ್ಷ ಡಾಲರ್ ಕೂಡ ಇರಲಿಲ್ಲ. ಎಲ್ಲ ತಂಡಗಳಿಗೂ ಸಂಬಳದ ಮಿತಿ ಒಂದೇ ಆದ್ದರಿಂದ ಉಳಿದ ಹಣದಲ್ಲಿ ಬೋಸಾ ಅವರಿಗೆ 17 ಕೋಟಿ ಡಾಲರ್‌ಗಳ ಐದು ವರ್ಷದ ಒಪ್ಪಂದ ಸಾಧ್ಯವಾಯಿತು. ನಿಜ. ಆದರೆ ಆ ಅಗ್ಗದ ಕಾಲಾವಕಾಶದ ಜೊತೆಗೆ ಎರಡು ವರ್ಷಗಳ ಮೊದಲ ಸುತ್ತೂ ನಮ್ಮ ಬಳಿ ಇದ್ದಿದ್ದರೆ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ, ಇಳಿವಯಸ್ಸಿನ ಆಫೆನ್ಸಿವ್ ಲೈನ್‌ಗೆ ಹೊಸ ರಕ್ತ ಬರುತ್ತಿತ್ತು. 2025ರ ಮೇ ತಿಂಗಳಲ್ಲಿ ಪರ್ಡಿ 26.5 ಕೋಟಿ ಡಾಲರ್‌ಗಳ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಅವರು ಅದಕ್ಕೆ ಅರ್ಹರು. ಅಗ್ಗದ ಕಾಲ ಮಾತ್ರ ಟ್ರೋಫಿಯಿಲ್ಲದೆ ಮುಗಿಯಿತು.

ಹಳೆಯ ಅಭಿಮಾನಿಗಳು 2005ರಲ್ಲಿ ಮೊದಲ ಸರದಿಯಲ್ಲಿ ಅಲೆಕ್ಸ್ ಸ್ಮಿತ್ ಅವರನ್ನು ಆರಿಸಿ, ಪಕ್ಕದ ಬರ್ಕ್ಲಿಯಲ್ಲೇ ಆಡುತ್ತಿದ್ದ ಆರನ್ ರಾಜರ್ಸ್ ಅವರನ್ನು ಬಿಟ್ಟದ್ದನ್ನು ಇನ್ನೂ ನೆನೆಯುತ್ತಾರೆ. ನನಗೆ 1986 ಹೆಚ್ಚು ಮುಖ್ಯ. ತರಬೇತುದಾರ ಬಿಲ್ ವಾಲ್ಶ್ ಆ ವರ್ಷ ಮತ್ತೆ ಮತ್ತೆ ಕೆಳಗಿಳಿದು ಸರದಿಗಳನ್ನು ಹೆಚ್ಚಿಸಿಕೊಂಡರು. ಮೂರನೇ ಸುತ್ತಿನಲ್ಲಿ ಟಾಮ್ ರಾಥ್‌ಮನ್, ಜಾನ್ ಟೇಲರ್, ನಾಲ್ಕರಲ್ಲಿ ಚಾರ್ಲ್ಸ್ ಹೇಲಿ ಬಂದರು. ಹತ್ತಾರು ಕಡೆ ಬೀಜ ಬಿತ್ತುವುದೇ ಈ ತಂಡದ ಮನೆತನದ ಗುಣ. ಲಿಂಚ್ ಮತ್ತು ಶಾನಹನ್ ಕೂಡ ಅದನ್ನೇ ಮಾಡಿದಾಗ ಗೆದ್ದಿದ್ದಾರೆ.

2024, 2025ರ ಡ್ರಾಫ್ಟ್‌ಗಳ ಬಗ್ಗೆಯೂ ಕೇಳುತ್ತಾರೆ. 2024ರದು ನನಗೆ ಮೆಚ್ಚುಗೆಯಾಯಿತು. ಮೊದಲ ಸುತ್ತಿನ ರಿಕಿ ಪಿಯರ್ಸಲ್ ಆ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ದರೋಡೆಕೋರನ ಗುಂಡು ಎದೆಗೆ ತಗುಲಿದರೂ ಅಕ್ಟೋಬರ್‌ನಲ್ಲಿ ಮೈದಾನಕ್ಕೆ ಮರಳಿದರು. ಮೂರನೇ ಸುತ್ತಿನ ಡಾಮಿನಿಕ್ ಪ್ಯೂನಿ ಮೊದಲ ವರ್ಷವೇ ಎಲ್ಲ 17 ಪಂದ್ಯಗಳನ್ನೂ ಆಫೆನ್ಸಿವ್ ಲೈನ್‌ನಲ್ಲಿ ಬಲಗಡೆಯ ಗಾರ್ಡ್ ಆಗಿ ಆಡಿದರು. 2025ರಲ್ಲಿ 11 ಜನರನ್ನು ಆರಿಸಿದರು, ಅದರಲ್ಲಿ ಮೊದಲ ಐವರೂ ರಕ್ಷಣೆಯವರು. ಮುಂದಿನ ವರ್ಷದ್ದನ್ನು ಒತ್ತೆಯಿಟ್ಟು ಮೇಲೇರುವ ಸಾಹಸ ಇರಲಿಲ್ಲ. 11ನೆಯವರಾಗಿ ಬಂದ ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್‌ಗೆ ಮೊದಲ ಸೀಸನ್ನಿನಲ್ಲೇ ಮೊಣಕಾಲಿನ ಗಾಯವಾಯಿತು, ಆದ್ದರಿಂದ ಅವರಿಗೆ ಅಂಕ ಕೊಡಲು ನಾನು 2028ರವರೆಗಾದರೂ ಕಾಯುತ್ತೇನೆ. ಡ್ರಾಫ್ಟ್ ಮುಗಿದ ಮರುದಿನವೇ ಅಂಕಪಟ್ಟಿ ಕೊಡುವವರ ಮಾತನ್ನು ನಾನು ಓದುವುದೇ ಇಲ್ಲ. 2022ರಲ್ಲಿ ಅಂಥ ಅಂಕಪಟ್ಟಿ ಬರೆದವರು 262ನೇ ಹೆಸರಿನ ಮುಂದೆ ಒಂದು ಸಾಲು ಬರೆದಿದ್ದರೂ ಹೆಚ್ಚು. ಸದ್ಯಕ್ಕೆ ನನ್ನ ಕಣ್ಣಿರುವುದು ಪ್ಯೂನಿ ಮೇಲೆ, ಮತ್ತು ಲಿಂಚ್ ಫೋನ್ ಎತ್ತಿ ಮುಂದಿನ ವರ್ಷದ ಮೊದಲ ಸುತ್ತನ್ನು ಯಾರಿಗಾದರೂ ಕೊಡಲು ಹೊರಡುತ್ತಾರೆಯೇ ಎಂಬುದರ ಮೇಲೆ.